ಪ್ರಿಪರೇಟರಿಯಲ್ಲಿ 80ಕ್ಕೆ 74, ಸಿಇಟಿ ಗಣಿತದಲ್ಲಿ 60ಕ್ಕೆ 34: ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ದ್ವಿತೀಯ ಪಿಯು ವಿಜ್ಞಾನ ಓದುತ್ತಿದ್ದೇನೆ. ಗಣಿತ ನನಗೆ ಇಷ್ಟ. ಪ್ರಿಪರೇಟರಿಯಲ್ಲಿ 80ಕ್ಕೆ 74 ಬಂತು. ಆದರೆ ಹಳೆಯ ಸಿಇಟಿ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಬರೆದರೆ 60ಕ್ಕೆ 34 ದಾಟುತ್ತಿಲ್ಲ. 80 ನಿಮಿಷ ಮುಗಿದಾಗ 15 ಪ್ರಶ್ನೆ ಮುಟ್ಟಿರುವುದೇ ಇಲ್ಲ. ಜೆಇಇ ಪುಸ್ತಕ ಮಾಡು ಅಂತ ಒಬ್ಬರು, ಶಾರ್ಟ್‌ಕಟ್ ಕಲಿ ಅಂತ ಇನ್ನೊಬ್ಬರು, ಹುಬ್ಬಳ್ಳಿಗೆ ಹೋಗಿ ಕ್ರ್ಯಾಶ್ ಕೋರ್ಸ್ ಸೇರು ಅಂತ ಮತ್ತೊಬ್ಬರು ಹೇಳುತ್ತಾರೆ. ಅಪ್ಪನಿಗೆ ಅಷ್ಟು ಫೀಸು ಕಟ್ಟುವುದು ಕಷ್ಟ. ಪ್ರಥಮ ಪಿಯು ಗಣಿತ ಹೆಚ್ಚುಕಡಿಮೆ ಮರೆತೇ ಹೋಗಿದೆ. ಈ ಅಂಕದಲ್ಲಿ ಸರ್ಕಾರಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತದೆಯೇ?

ಉತ್ತರ: ಪಿಯು ಮಕ್ಕಳಿಗೆ ಪಾಠ ಮಾಡಿದ ಅಭ್ಯಾಸ, ಹಾಗಾಗಿ ನೀನು ಎಂದೇ ಬರೆಯುತ್ತೇನಮ್ಮ. ನಿನ್ನ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಮುಟ್ಟದೇ ಉಳಿದ ಆ 15 ಪ್ರಶ್ನೆಗಳ ಮೇಲೆ. 45 ಬರೆದಿದ್ದೀಯ, ಅದರಲ್ಲಿ 34 ಸರಿ. ಅಂದರೆ ಕೈ ಹಾಕಿದ ನಾಲ್ಕರಲ್ಲಿ ಮೂರು ಸರಿ ಬರುತ್ತಿವೆ. ಗಣಿತ ಬಾರದವರ ಲೆಕ್ಕ ಹೀಗಿರುವುದಿಲ್ಲ. ನಿನಗೆ ಗಣಿತ ಬರುತ್ತದೆ. ಆದರೆ ಸಿಇಟಿಯನ್ನು ನೀನು ಪಿಯು ಪರೀಕ್ಷೆಯ ಹಾಗೆ ಬರೆಯುತ್ತಿದ್ದೀಯ.

ಇನ್ನೊಂದು ಮಾತು. ಆ 15ಕ್ಕೆ ಓಎಂಆರ್ ಶೀಟಿನಲ್ಲಿ, ಅಂದರೆ ಉತ್ತರದ ವೃತ್ತ ತುಂಬುವ ಹಾಳೆಯಲ್ಲಿ, ಏನನ್ನೂ ತುಂಬದೆ ಬಿಟ್ಟೆಯಾ? ಹಾಗೆ ಬಿಟ್ಟಿದ್ದರೆ ಅದನ್ನು ಇವತ್ತಿಗೇ ನಿಲ್ಲಿಸು. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆ ಇರುವಾಗ 15 ಪ್ರಶ್ನೆಗೆ ಕಣ್ಣುಮುಚ್ಚಿ ತುಂಬಿದರೂ ಸರಾಸರಿ ಮೂರೋ ನಾಲ್ಕೋ ಸರಿ ಬೀಳುತ್ತವೆ. ಪ್ರತಿಯೊಂದರಲ್ಲೂ ಎರಡು ಆಯ್ಕೆ ಹೊಡೆದುಹಾಕಲು ಸಾಧ್ಯವಾದರೆ ಏಳೆಂಟು. ಕೊನೆಯ ಬೆಲ್ ಹೊಡೆಯುವಾಗ ಶೀಟಿನಲ್ಲಿ ಒಂದೇ ಒಂದು ಸಾಲೂ ಖಾಲಿ ಇರಬಾರದು.

ಈಗ ಮುಖ್ಯ ವಿಷಯ. 60 ಪ್ರಶ್ನೆಗೆ 80 ನಿಮಿಷ ಅಂದರೆ ಒಂದಕ್ಕೆ 80 ಸೆಕೆಂಡು. ಪ್ರಶ್ನೆ ಓದುವುದು, ಲೆಕ್ಕ ಮಾಡುವುದು, ವೃತ್ತ ತುಂಬುವುದು ಎಲ್ಲ ಅದರೊಳಗೇ. ಪಿಯು ಪರೀಕ್ಷೆಯಲ್ಲಿ ಮೂರು ಗಂಟೆ ಇರುತ್ತದೆ, ಹಂತಹಂತಕ್ಕೂ ಅಂಕ ಬರುತ್ತದೆ. ಅಲ್ಲಿ ನೀನು ದಾರಿಯನ್ನು ತೋರಿಸಬೇಕು. ಇಲ್ಲಿ ನಿನ್ನ ದಾರಿಯನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಸಿಇಟಿಯಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ನಿನ್ನ ಮೊದಲ 15–20 ಸೆಕೆಂಡು. ಪ್ರಶ್ನೆ ಓದಿದ ತಕ್ಷಣ ಇದು ಯಾವ ಜಾತಿಯದು, ಎಲ್ಲಿಂದ ಶುರು ಮಾಡಬೇಕು, ಈಗಲೇ ಮಾಡಬೇಕೋ ಆಮೇಲೆ ಬರಬೇಕೋ ಎಂದು ಗೊತ್ತಾಗಬೇಕು. ಲೆಕ್ಕ ಮಾಡುವ ಕೈ ವೇಗವಾದರೆ ಸಮಯ ಉಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಕ್ಕಳಲ್ಲಿ ಹೆಚ್ಚು ಸಮಯ ಹಾಳಾಗುತ್ತಿದ್ದುದು ಪೆನ್ನು ಹಿಡಿದು ಸುಮ್ನೆ ಕೂತ ಹೊತ್ತಿನಲ್ಲಿ, ಇಲ್ಲವೇ ತಪ್ಪು ದಾರಿಯಲ್ಲಿ ಅರ್ಧ ಪುಟ ಹೋಗಿ ವಾಪಸ್ ಬರುವುದರಲ್ಲಿ.

ಒಂದು ಉದಾಹರಣೆ ನೋಡು. 2ರಿಂದ 8ರವರೆಗಿನ ಡೆಫಿನೆಟ್ ಇಂಟಿಗ್ರಲ್. ಅಂಶದಲ್ಲಿ ರೂಟ್ (10 − ಎಕ್ಸ್). ಛೇದದಲ್ಲಿ ರೂಟ್ ಎಕ್ಸ್ + ರೂಟ್ (10 − ಎಕ್ಸ್). ಪಿಯು ಪರೀಕ್ಷೆಯಲ್ಲಾದರೆ ನೀನು ಇದನ್ನು ಐ ಎಂದು ಕರೆದು, ಪ್ರಾಪರ್ಟಿ ಬರೆದು, ಎಕ್ಸ್ ಇದ್ದಲ್ಲಿ 2 + 8 − ಎಕ್ಸ್ ಹಾಕಿ, ಎರಡು ಸಮೀಕರಣ ಕೂಡಿಸಿ, ಏಳೆಂಟು ಸಾಲಿನಲ್ಲಿ ಮುಗಿಸುತ್ತೀಯ. ಸಿಇಟಿಯಲ್ಲಿ ಕಣ್ಣು ಮೊದಲು ಹೋಗಬೇಕಾದದ್ದು ಮಿತಿಗಳ ಕಡೆಗೆ. 2 + 8 = 10. ಆ 10 ಒಳಗೂ ಕೂತಿದೆ. ಎಕ್ಸ್ ಬದಲು 10 − ಎಕ್ಸ್ ಹಾಕಿದರೆ ಛೇದ ಬದಲಾಗುವುದಿಲ್ಲ, ಅಂಶ ಮಾತ್ರ ರೂಟ್ ಎಕ್ಸ್ ಆಗುತ್ತದೆ. ಎರಡನ್ನೂ ಕೂಡಿಸಿದರೆ ಒಳಗೆ ಬರೀ 1. 2ರಿಂದ 8ಕ್ಕೆ ಅಂತರ 6, ಅದರ ಅರ್ಧ 3. ಉತ್ತರ 3. ಪೆನ್ನು ಮುಟ್ಟಬೇಕಾಗಿಲ್ಲ.

ಇದನ್ನೇ ಜನ ಶಾರ್ಟ್‌ಕಟ್ ಅಂತ ಮಾರುತ್ತಾರೆ: ‘ಇಂಥ ಪ್ರಶ್ನೆ ಬಂದರೆ ಮಿತಿಗಳ ಅಂತರದ ಅರ್ಧ ಬರೆದುಬಿಡಿ’ ಅಂತ. ಹಾಗೆ ಬಾಯಿಪಾಠ ಮಾಡಿದವರಿಗೆ ಛೇದವನ್ನು ಸ್ವಲ್ಪ ತಿರುಚಿ ಕೊಟ್ಟರೆ, ಉದಾಹರಣೆಗೆ ರೂಟ್ ಎಕ್ಸ್ ಮುಂದೆ ಒಂದು 2 ಸೇರಿಸಿದರೆ, ಅವರು ಆಗಲೂ 3 ಅಂತಲೇ ತುಂಬುತ್ತಾರೆ. ಆಯ್ಕೆಗಳಲ್ಲಿ 3 ಇದ್ದೇ ಇರುತ್ತದೆ. ಯಾಕೆ ಅರ್ಧ ಬಂತು ಎಂದು ಗೊತ್ತಿರುವವಳು ಛೇದ ಬದಲಾಯಿತೋ ಇಲ್ಲವೋ ಎಂದು ಒಂದು ಕ್ಷಣ ನೋಡಿಯೇ ಮುಂದೆ ಹೋಗುತ್ತಾಳೆ. ಆದ್ದರಿಂದ ಶಾರ್ಟ್‌ಕಟ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ನಿನ್ನ ಪಿಯು ನೋಟ್ಸಿನಲ್ಲಿ ಏಳು ಸಾಲಿನಲ್ಲಿ ಬರೆದ ಲೆಕ್ಕವನ್ನು ನೀನೇ ಕೂತು ಎರಡು ಸಾಲಿಗೆ ಇಳಿಸು. ಬೇರೆಯವರು ಇಳಿಸಿ ಕೊಟ್ಟದ್ದು ಪರೀಕ್ಷೆಯ ಗಡಿಬಿಡಿಯಲ್ಲಿ ಕೈಕೊಡುತ್ತದೆ.

ಆಯ್ಕೆಗಳಿಂದ ಹಿಂದಕ್ಕೆ ಬರುವುದನ್ನೂ ಕಲಿತುಕೋ. ಬೈನಾಮಿಯಲ್ ಅಧ್ಯಾಯದಲ್ಲಿ ಹೀಗೊಂದು ಪ್ರಶ್ನೆ ಬರುತ್ತದೆ: ಸಿ-ಸೊನ್ನೆ + 2 ಸಿ-ಒಂದು + 3 ಸಿ-ಎರಡು, ಹೀಗೇ ಹೋಗಿ (ಎನ್ + 1) ಸಿ-ಎನ್‌ವರೆಗೆ ಮೊತ್ತ ಎಷ್ಟು? ನಾಲ್ಕು ಆಯ್ಕೆಗಳೂ ಎನ್ ಮತ್ತು 2ರ ಘಾತಗಳಲ್ಲೇ ಇರುತ್ತವೆ. ಸಾಧನೆ ಮಾಡುತ್ತಾ ಕೂತರೆ ಮೂರು ನಿಮಿಷ ಹೋಗುತ್ತದೆ. ಎನ್ ಬದಲು 2 ಹಾಕು. ಸಹಗುಣಕಗಳು 1, 2, 1. ಮೊತ್ತ 1 + 4 + 3 = 8. ಈಗ ಆಯ್ಕೆಗಳಲ್ಲೂ ಎನ್‌ಗೆ 2 ಹಾಕು. (ಎನ್ + 1) × 2ರ ಘಾತ ಎನ್ ಅಂದರೆ 12, ಆಗಲಿಲ್ಲ. ಎನ್ × 2ರ ಘಾತ (ಎನ್ − 1) ಅಂದರೆ 4, ಅದೂ ಅಲ್ಲ. (ಎನ್ + 2) × 2ರ ಘಾತ ಎನ್ ಅಂದರೆ 16. (ಎನ್ + 2) × 2ರ ಘಾತ (ಎನ್ − 1) ಅಂದರೆ 8. ಸಿಕ್ಕಿತು. ಅಕಸ್ಮಾತ್ ಎರಡು ಆಯ್ಕೆಗಳಿಗೂ ಒಂದೇ ಸಂಖ್ಯೆ ಬಂದರೆ ಎನ್‌ಗೆ 3 ಹಾಕಿ ಇನ್ನೊಮ್ಮೆ ನೋಡು. ಎನ್, ಥೀಟಾ, ಎಕ್ಸ್ ಇಂಥವು ಆಯ್ಕೆಗಳಲ್ಲೇ ಉಳಿದುಕೊಂಡಿರುವ ಎಷ್ಟೋ ಪ್ರಶ್ನೆಗಳಿಗೆ ಈ ದಾರಿ ಆಗುತ್ತದೆ. ಥೀಟಾಗೆ ಮಾತ್ರ 0 ಅಥವಾ 45 ಡಿಗ್ರಿ ಹಾಕಬೇಡ. ಅಲ್ಲಿ ಬೇರೆಬೇರೆ ಆಯ್ಕೆಗಳು ಒಂದೇ ಬೆಲೆಗೆ ಬಂದು ಕೂರುತ್ತವೆ. 30 ಅಥವಾ 60 ಹಾಕು.

ಇನ್ನು ಬರೆದೂ ತಪ್ಪಾದ ಆ 11 ಪ್ರಶ್ನೆ. ನಿನ್ನ ಶೀಟು ನಾನು ನೋಡಿಲ್ಲ. ಆದರೆ ಒಳ್ಳೆಯ ಅಂಕ ತೆಗೆಯುವ ಮಕ್ಕಳು ಎಡವುವ ಜಾಗಗಳು ಹೆಚ್ಚಾಗಿ ಒಂದೇ ಥರ ಇರುತ್ತವೆ. 3 ದರ್ಜೆಯ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ 5 ಆದರೆ, ಅದನ್ನು 2ರಿಂದ ಗುಣಿಸಿದ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ ಎಷ್ಟು? ಕೈ ತಾನಾಗಿ 10ರ ಕಡೆ ಹೋಗುತ್ತದೆ. ಮೂರು ಸಾಲೂ 2ರಿಂದ ಗುಣಿಸಲ್ಪಟ್ಟಿವೆ, ಆದ್ದರಿಂದ 8 × 5 = 40. ಕಾಸ್ 210 ಡಿಗ್ರಿಯ ಕಾಸ್ ಇನ್‌ವರ್ಸ್ ಎಷ್ಟು? 210 ಅಂತ ತುಂಬಿ ಖುಷಿಯಾಗಿ ಮುಂದೆ ಹೋಗುತ್ತಾರೆ. ಕಾಸ್ ಇನ್‌ವರ್ಸ್‌ನ ಉತ್ತರ 0ಯಿಂದ 180ರೊಳಗೆ ಇರಬೇಕು, ಹಾಗಾಗಿ 150. ಇದು ರೇಡಿಯನ್‌ನಲ್ಲಿ ನಿನ್ನ ಎನ್‌ಸಿಇಆರ್‌ಟಿ ಪುಸ್ತಕದ ಇನ್‌ವರ್ಸ್ ಟ್ರಿಗ್ನಾಮೆಟ್ರಿ ಅಧ್ಯಾಯದಲ್ಲೇ ಇದೆ, ತೆಗೆದು ನೋಡು. ಡಿಫರೆನ್ಷಿಯಲ್ ಸಮೀಕರಣದೊಳಗೆ ಸೈನ್ ಆಫ್ ಡಿವೈ ಬೈ ಡಿಎಕ್ಸ್ ಇದ್ದರೆ ಡಿಗ್ರಿ ಹೇಳಲು ಬರುವುದೇ ಇಲ್ಲ. ಅದೂ ಪುಸ್ತಕದಲ್ಲಿದೆ.

ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಕರ್ನಾಟಕದ ಪಿಯು ವಿಜ್ಞಾನಕ್ಕೆ 2012–13ರಿಂದ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂದಿದೆ. ಸಿಇಟಿ ಕೇಳುವುದೂ ಅದರೊಳಗಿನದ್ದೇ. ನೀನು ಪಿಯು ಪರೀಕ್ಷೆಗೆ ಮುಖ್ಯ ಪ್ರಶ್ನೆಗಳನ್ನು ಗುರುತು ಹಾಕಿಕೊಂಡು ಓದಿರುತ್ತೀಯ. ಎಲ್ಲರೂ ಹಾಗೇ ಮಾಡುತ್ತಾರೆ. ಗುರುತು ಹಾಕದೆ ಬಿಟ್ಟ ಉದಾಹರಣೆಗಳು, ಅಧ್ಯಾಯದ ಕೊನೆಯ ಮಿಸಲೇನಿಯಸ್ ಎಕ್ಸರ್ಸೈಜ್, ಎರಡು ಲೆಕ್ಕಗಳ ನಡುವೆ ಬರುವ ಸಣ್ಣ ಟಿಪ್ಪಣಿಗಳು, ಇವನ್ನೆಲ್ಲ ಒಮ್ಮೆ ಪೂರ್ತಿ ಮುಗಿಸು. ಆಮೇಲೂ ಸಮಯ ಇದ್ದರೆ ಎನ್‌ಸಿಇಆರ್‌ಟಿಯದೇ ಎಕ್ಸೆಂಪ್ಲರ್ ಪುಸ್ತಕದ ಬಹುಆಯ್ಕೆ ಪ್ರಶ್ನೆಗಳನ್ನು ಮಾಡು. ಇಷ್ಟು ಮುಗಿಯದೆ ಬೇರೆ ಪುಸ್ತಕ ತರಿಸಬೇಡ.

ಜೆಇಇ ಪುಸ್ತಕದ ವಿಷಯಕ್ಕೂ ಇದೇ ಉತ್ತರ. ಜೆಇಇ ಮೇನ್‌ನಲ್ಲಿ ಮೂರು ವಿಷಯ ಸೇರಿ 75 ಪ್ರಶ್ನೆ, ಮೂರು ಗಂಟೆ. ಅಂದರೆ ಒಂದಕ್ಕೆ 2 ನಿಮಿಷ 24 ಸೆಕೆಂಡು. ತಪ್ಪಾದರೆ ಅಂಕ ಕಳೆಯುತ್ತಾರೆ. ಅಲ್ಲಿ ಕಡಿಮೆ ಪ್ರಶ್ನೆಗಳಲ್ಲಿ ಆಳಕ್ಕೆ ಇಳಿಯಬೇಕು, ಅನುಮಾನ ಇದ್ದರೆ ಬಿಡಬೇಕು. ಸಿಇಟಿಯಲ್ಲಿ ಬೇಗ ಗುರುತಿಸಬೇಕು, ಯಾವುದನ್ನೂ ಬಿಡಬಾರದು. ಎರಡು ವರ್ಷ ಜೆಇಇಗೆ ಓದಿದವರಿಗೆ ಸಿಇಟಿ ಸುಲಭವಾಗುವುದು ನಿಜ. ಆದರೆ ಪಿಯು ಪರೀಕ್ಷೆ ಬಾಗಿಲಿಗೆ ಬಂದು ನಿಂತಿರುವಾಗ ಆ ಪುಸ್ತಕ ತೆರೆದರೆ ನಿನಗೆ ಸಿಗುವುದು ಭಯ ಮಾತ್ರ. ಕಾಮೆಡ್‌-ಕೆ (ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ) ಬರೆಯುವ ಯೋಚನೆ ಇದ್ದರೆ ಅದಕ್ಕೆ ಬೇರೆ ತಯಾರಿ ಬೇಕಿಲ್ಲ. ಅಲ್ಲೂ ನೆಗೆಟಿವ್ ಇಲ್ಲ, ಆದರೆ 180 ಪ್ರಶ್ನೆಗೆ 180 ನಿಮಿಷ, ಅಂದರೆ ಒಂದಕ್ಕೆ 60 ಸೆಕೆಂಡು. ಈ ವೇಗ, ಮತ್ತೆ ಕಂಪ್ಯೂಟರ್ ಮುಂದೆ ಕೂತು ಬರೆಯಬೇಕು ಅನ್ನುವುದು, ಇವೆರಡು ಮುಖ್ಯ ವ್ಯತ್ಯಾಸ.

ಹಳೆಯ ಸಿಇಟಿ ಪ್ರಶ್ನೆಪತ್ರಿಕೆಗಳನ್ನು ಮಾಡುತ್ತಿದ್ದೀಯ, ಒಳ್ಳೆಯದು. ಆದರೆ ಒಂದು ಎಚ್ಚರಿಕೆ. ಪಠ್ಯದಿಂದ ಈಚೆಗೆ ಕೆಲವು ಭಾಗಗಳನ್ನು ಕೈಬಿಟ್ಟಿದ್ದಾರೆ. ಪ್ರಥಮ ಪಿಯುನ ಮ್ಯಾಥಮೆಟಿಕಲ್ ಇಂಡಕ್ಷನ್, ಮ್ಯಾಥಮೆಟಿಕಲ್ ರೀಸನಿಂಗ್, ದ್ವಿತೀಯ ಪಿಯುನ ಬೈನರಿ ಆಪರೇಷನ್, ರೋಲ್ಸ್ ಥಿಯರಮ್, ಟ್ಯಾಂಜೆಂಟ್–ನಾರ್ಮಲ್ ಇಂಥವು ಎನ್‌ಸಿಇಆರ್‌ಟಿಯ ಪರಿಷ್ಕೃತ ಪುಸ್ತಕದಲ್ಲಿ ಇಲ್ಲ. ಹಳೆಯ ಪತ್ರಿಕೆಯಲ್ಲಿ ಇವು ಕಂಡರೆ ಬಿಟ್ಟು, ಅಷ್ಟು ಪ್ರಶ್ನೆಗೆ ತಕ್ಕಂತೆ ಸಮಯವನ್ನೂ ಕಡಿಮೆ ಮಾಡಿಕೋ. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ನಾಲ್ಕು ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಪರೀಕ್ಷೆ ಹಾಲಿನಲ್ಲಿ ಅಂಥದ್ದು ಎದುರಾದರೆ ಗಾಬರಿಯಾಗಬೇಡ. ಒಂದು ವೃತ್ತ ತುಂಬಿ ಮುಂದೆ ಹೋಗು. ಈ ವರ್ಷದ ಪಠ್ಯ ಯಾವುದು ಎಂಬುದನ್ನು ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಜಾಲತಾಣದಲ್ಲಿ ನೋಡಿಕೋ. ಹಳೆಯ ಪ್ರಶ್ನೆಪತ್ರಿಕೆಗಳೂ ಅಲ್ಲೇ ಸಿಗುತ್ತವೆ, ಪುಕ್ಕಟೆಯಾಗಿ.

ಹಾಗಾದರೆ ಕ್ರ್ಯಾಶ್ ಕೋರ್ಸ್? ನಿನ್ನ ಸ್ಥಿತಿಯಲ್ಲಿ ಬೇಡ ಅನ್ನುತ್ತೇನೆ. ಅಲ್ಲಿ ಸಿಗುವ ನಿಜವಾದ ಲಾಭ ಅಂದರೆ ಗಡಿಯಾರ ಇಟ್ಟು ಪದೇಪದೇ ಟೆಸ್ಟ್ ಬರೆಸುವುದು. ಅದನ್ನು ನೀನು ಮನೆಯಲ್ಲೇ ಮಾಡಬಹುದು. ದಿನಾ ಬಸ್ಸಿನಲ್ಲಿ ಹೋಗಿಬರುವ ಹೊತ್ತೂ ಉಳಿಯುತ್ತದೆ. ಪಾಠವೇ ಅರ್ಥವಾಗದ ವಿದ್ಯಾರ್ಥಿಯಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಅಪ್ಪನಿಗೆ ಈ ವಿಷಯ ನೀನೇ ಹೇಳು, ಅವರಿಗೆ ಮಗಳಿಗೆ ಕೊಡಿಸಲು ಆಗಲಿಲ್ಲ ಎಂಬ ಕೊರಗು ಇರಬಾರದು.

ಟೆಸ್ಟ್ ಬರೆಯುವುದು ಅರ್ಧ ಕೆಲಸ. ಬರೆದ ಮೇಲೆ ಅದನ್ನು ಬಿಚ್ಚಿ ನೋಡುವುದು ಉಳಿದರ್ಧ, ಅದಕ್ಕೆ 80 ನಿಮಿಷಕ್ಕಿಂತ ಜಾಸ್ತಿಯೇ ಬೇಕು. ಒಂದು ಹಳೆ ನೋಟ್‌ಬುಕ್ ತೆಗೆದುಕೋ. ತಪ್ಪಾದ, ಬಿಟ್ಟ ಪ್ರತಿ ಪ್ರಶ್ನೆಯ ಮುಂದೆ ಕಾರಣ ಬರೆ: ಗೊತ್ತಿರಲಿಲ್ಲ, ಗೊತ್ತಿತ್ತು ಹೊಳೆಯಲಿಲ್ಲ, ಲೆಕ್ಕ ತಪ್ಪಿತು, ಪ್ರಶ್ನೆ ಸರಿಯಾಗಿ ಓದಲಿಲ್ಲ. ‘ಗಡಿಬಿಡಿ’ ಅಂತ ಬರೆಯಬೇಡ, ಅದರಿಂದ ಏನೂ ತಿಳಿಯುವುದಿಲ್ಲ. ಕಾರಣ ಬೇರೆಯಾದರೆ ಮದ್ದೂ ಬೇರೆ. ಗೊತ್ತಿರಲಿಲ್ಲ ಎನ್ನುವುದಕ್ಕೆ ಪುಸ್ತಕ ತೆರೆಯಬೇಕು. ಹೊಳೆಯಲಿಲ್ಲ ಎನ್ನುವುದಕ್ಕೆ, ಆ ಪ್ರಶ್ನೆಯಲ್ಲಿ ಯಾವ ಗುರುತು ಕಂಡಿದ್ದರೆ ಹೊಳೆಯುತ್ತಿತ್ತು ಎಂದು ಒಂದು ಸಾಲು ಬರೆಯಬೇಕು. ಮೇಲಿನ ಇಂಟಿಗ್ರಲ್‌ಗೆ ಆ ಸಾಲು: ‘ಮಿತಿಗಳ ಮೊತ್ತ ಒಳಗೆ ಕಾಣುತ್ತಿದೆಯಾ?’ ಇಂಥ ಸಾಲುಗಳೇ ನಿನ್ನ ಕೊನೆಯ ವಾರದ ಓದು. ಲೆಕ್ಕ ತಪ್ಪುವುದು ಜಾಸ್ತಿ ಇದ್ದರೆ ನಿನ್ನ ರಫ್ ವರ್ಕ್ ನೋಡು. ಮಕ್ಕಳು ಪುಟದ ಮೂಲೆಯಲ್ಲಿ ಅಡ್ಡಾದಿಡ್ಡಿ ಬರೆದು, ಮೈನಸ್ ಚಿಹ್ನೆಯನ್ನೂ ಗೆರೆಯನ್ನೂ ಒಂದೇ ಮಾಡಿಕೊಂಡಿರುತ್ತಾರೆ. ಪ್ರಶ್ನೆಯ ಸಂಖ್ಯೆ ಹಾಕಿ, ಮೇಲಿಂದ ಕೆಳಕ್ಕೆ, ಓದುವ ಹಾಗೆ ಬರೆ. ಎರಡನೇ ಸುತ್ತಿನಲ್ಲಿ ಆ ಪ್ರಶ್ನೆಗೆ ವಾಪಸ್ ಬಂದಾಗ ಎಲ್ಲಿ ಬಿಟ್ಟಿದ್ದೆ ಎಂದು ಕಾಣುತ್ತದೆ.

ಸುತ್ತು ಅಂದೆನಲ್ಲ, ಅದನ್ನು ಹೀಗೆ ಮಾಡು. ಮೊದಲ 40 ನಿಮಿಷದಲ್ಲಿ 1ರಿಂದ 60ರವರೆಗೂ ಹೋಗಿ ಮುಗಿಸಬೇಕು. ದಾರಿ ತಕ್ಷಣ ಕಂಡದ್ದನ್ನು ಮಾಡು. ದಾರಿ ಗೊತ್ತಿದೆ ಆದರೆ ಉದ್ದ ಎನಿಸಿದ್ದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ. ಏನೂ ಹೊಳೆಯದ್ದಕ್ಕೆ ಅಡ್ಡಗೆರೆ. ಮುಂದಿನ 25 ನಿಮಿಷ ಚುಕ್ಕೆಯವು. ಆಮೇಲೆ 10 ನಿಮಿಷ ಅಡ್ಡಗೆರೆಯವು: ಆಯ್ಕೆ ಹಾಕಿ ನೋಡುವುದು, ಎರಡನ್ನಾದರೂ ಹೊಡೆದುಹಾಕುವುದು. ಕೊನೆಯ 5 ನಿಮಿಷ ಶೀಟಿನಲ್ಲಿ ಖಾಲಿ ಉಳಿದ ಸಾಲುಗಳಿಗೆ. ಶುರುವಿನಲ್ಲಿ ಮನಸ್ಸು ಒಪ್ಪುವುದಿಲ್ಲ. ಗಣಿತ ಇಷ್ಟಪಡುವ ಮಕ್ಕಳಿಗೆ ಒಂದು ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಏಳುವುದು ನೋವಿನ ಕೆಲಸ, ನನಗೆ ಗೊತ್ತು. ಆದರೆ 53ನೇ ಪ್ರಶ್ನೆ ಲೀನಿಯರ್ ಪ್ರೋಗ್ರಾಮಿಂಗ್‌ನದಾಗಿದ್ದು, ಮೂಲೆಯ ಬಿಂದುಗಳನ್ನು ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ಮುಗಿಯುವಂತಿದ್ದರೆ, 9ನೇ ಪ್ರಶ್ನೆಗೆ ಆರು ನಿಮಿಷ ಕೊಟ್ಟವರು ಅದನ್ನು ನೋಡುವುದೇ ಇಲ್ಲ. ಎರಡಕ್ಕೂ ಸಿಗುವುದು ಒಂದೇ ಅಂಕ.

ಓಎಂಆರ್ ತುಂಬುವುದನ್ನು ಎಲ್ಲ ಮುಗಿದ ಮೇಲೆ ಅಂತ ಇಟ್ಟುಕೊಳ್ಳಬೇಡ. ಪ್ರಶ್ನೆಪುಸ್ತಿಕೆಯ ಒಂದು ಪುಟ ಮುಗಿದಂತೆ ಆ ಪುಟದ ಉತ್ತರಗಳನ್ನು ತುಂಬು, ಬಿಟ್ಟ ಪ್ರಶ್ನೆಯ ಸಾಲು ದಾಟುವಾಗ ಸಂಖ್ಯೆ ನೋಡಿಕೋ. ಬಾಲ್‌ಪಾಯಿಂಟ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲು ಆಗುವುದಿಲ್ಲ. ವರ್ಷನ್ ಕೋಡ್ ತುಂಬಿದ್ದೀಯಾ ಎಂದು ಎರಡು ಸಲ ನೋಡು. ಹಾಲಿಗೆ ಕೈಗಡಿಯಾರ ಬಿಡುವುದಿಲ್ಲ. ಹಾಗಾಗಿ ಮನೆಯಲ್ಲೂ ಕೈಗಡಿಯಾರ, ಮೊಬೈಲ್ ಎರಡನ್ನೂ ದೂರ ಇಟ್ಟು, ಗೋಡೆ ಗಡಿಯಾರ ನೋಡುತ್ತಲೇ ಅಭ್ಯಾಸ ಮಾಡು. ಓಎಂಆರ್ ಮಾದರಿ ಹಾಳೆಯನ್ನು ಜೆರಾಕ್ಸ್ ಮಾಡಿಸಿಕೊಂಡು ನಿಜವಾಗಿ ತುಂಬು. ಬರೀ ಟಿಕ್ ಹಾಕಿ ಅಭ್ಯಾಸ ಮಾಡಿದವರಿಗೆ ಪರೀಕ್ಷೆಯ ದಿನ ಐದಾರು ನಿಮಿಷ ಎಲ್ಲಿ ಹೋಯಿತು ಅನ್ನುವುದೇ ತಿಳಿಯುವುದಿಲ್ಲ.

ಪ್ರಥಮ ಪಿಯು ಗಣಿತ ಮರೆತಿದೆ ಎಂದು ಬರೆದಿದ್ದೀಯ. ಹೆಚ್ಚು ಪ್ರಶ್ನೆ ದ್ವಿತೀಯದಿಂದ ಬಂದರೂ ಪ್ರಥಮದ ಪಾಲು ಬಿಟ್ಟುಬಿಡುವಷ್ಟು ಚಿಕ್ಕದಲ್ಲ. ಎಲ್ಲವನ್ನೂ ಮೊದಲಿನಿಂದ ಓದಲು ಈಗ ಹೋಗಬೇಡ. ಟ್ರಿಗ್ನಾಮೆಟ್ರಿ ಸೂತ್ರಗಳು, ಸರಳರೇಖೆ, ಲಿಮಿಟ್ಸ್ ಈ ಮೂರರಿಂದ ಶುರು ಮಾಡು. ಇವು ದ್ವಿತೀಯದ ಅಧ್ಯಾಯಗಳಿಗೂ ಬೇಕು. ಆಮೇಲೆ ಸೆಟ್ಸ್, ಶ್ರೇಢಿಗಳು, ಬೈನಾಮಿಯಲ್, ಸ್ಟ್ಯಾಟಿಸ್ಟಿಕ್ಸ್. ಸ್ಟ್ಯಾಟಿಸ್ಟಿಕ್ಸ್ ಅಂದರೆ ದೊಡ್ಡ ಕೋಷ್ಟಕ ಅಂತ ಹೆದರುತ್ತಾರೆ. ಸಿಇಟಿಗೆ ಹೆಚ್ಚಾಗಿ ಬೇಕಾಗುವುದು ಗುಣಲಕ್ಷಣಗಳು: ಎಲ್ಲ ಸಂಖ್ಯೆಗೂ 7 ಕೂಡಿಸಿದರೆ ವೇರಿಯನ್ಸ್ ಬದಲಾಗುವುದಿಲ್ಲ, 3ರಿಂದ ಗುಣಿಸಿದರೆ 9 ಪಟ್ಟಾಗುತ್ತದೆ. ಕೋನಿಕ್ಸ್ ಮತ್ತು ಪರ್ಮ್ಯುಟೇಷನ್ ಕೊನೆಗಿರಲಿ.

ಈಗಿನಿಂದ ಪಿಯು ಪರೀಕ್ಷೆಯವರೆಗೆ ಬೆಳಿಗ್ಗೆ ಅರ್ಧ ಗಂಟೆ ಪ್ರಥಮ ಪಿಯುಗೆ ಕೊಡು. ಉಳಿದ ಹೊತ್ತು ಪಿಯು ಪರೀಕ್ಷೆಯ ಓದೇ ಇರಲಿ. ಆದರೆ ಒಂದು ಅಧ್ಯಾಯ ಮುಗಿದಾಗ ಅದರ ಹಳೆಯ ಸಿಇಟಿ ಪ್ರಶ್ನೆಗಳನ್ನು ಆಗಲೇ ಮಾಡಿಬಿಡು. ಮಾರ್ಚ್‌ನಲ್ಲಿ ಪಿಯು ಮುಗಿದ ಮೇಲೆ ಏಪ್ರಿಲ್‌ನ ಸಿಇಟಿಯವರೆಗೆ ಕೆಲವು ವಾರ ಸಿಗುತ್ತವೆ. ಆಗ ಒಂದು ದಿನ ಪೂರ್ತಿ ಪತ್ರಿಕೆ, ಮರುದಿನ ಅದರ ತಪ್ಪುಗಳು. ಭೌತ, ರಸಾಯನಕ್ಕೂ ಸಮಯ ಬೇಕು, ಗಣಿತ ಇಷ್ಟ ಅಂತ ದಿನವಿಡೀ ಅದರಲ್ಲೇ ಕೂರಬೇಡ. ವೇಳಾಪಟ್ಟಿ ಬಂದಾಗ ಗಣಿತ ಬೆಳಿಗ್ಗೆಯೋ ಮಧ್ಯಾಹ್ನವೋ ನೋಡಿಕೊಂಡು ಅದೇ ಹೊತ್ತಿಗೆ ಕೂತು ಬರೆ. ಮಧ್ಯಾಹ್ನ ಊಟವಾದ ಮೇಲೆ ಲೆಕ್ಕ ಮಾಡುವುದಕ್ಕೂ ಅಭ್ಯಾಸ ಬೇಕು.

ಕೊನೆಯ ಪ್ರಶ್ನೆ, ಕಂಪ್ಯೂಟರ್ ಸೈನ್ಸ್. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಮೂರು ವಿಷಯ ಸೇರಿ ಪಿಯುನಲ್ಲಿ 300, ಸಿಇಟಿಯಲ್ಲಿ 180. ಹಾಗಾಗಿ ಸಿಇಟಿಯ 3 ಅಂಕ ಪಿಯುನ 5 ಅಂಕಕ್ಕೆ ಸಮ. ನೀನು ಗಣಿತದಲ್ಲಿ 34ರಿಂದ 46ಕ್ಕೆ ಹೋದರೆ ಪಿಯುನಲ್ಲಿ 20 ಅಂಕ ಜಾಸ್ತಿ ಬಂದಂತೆ. ನಿನ್ನ ಮಟ್ಟದ ವಿದ್ಯಾರ್ಥಿನಿಗೆ ಪಿಯುನಲ್ಲಿ ಇನ್ನು 20 ಅಂಕ ಏರಲು ಜಾಗವೇ ಇಲ್ಲ, ಸಿಇಟಿಯಲ್ಲಿ ಇದೆ. 46 ನಿನಗೆ ಆಗುವಂಥದ್ದೇ: ಖಾಲಿ ಬಿಟ್ಟ 15ರಲ್ಲಿ ಎಂಟು, ತಪ್ಪಾದ 11ರಲ್ಲಿ ನಾಲ್ಕು. ಸೀಟು ಸಿಗುವುದು ನಿನ್ನ ಕೆಟಗರಿ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ, ಆ ವರ್ಷದ ಪೈಪೋಟಿ ಎಲ್ಲವನ್ನೂ ಅವಲಂಬಿಸಿದೆ. ಕೆಇಎ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಇದೆ, ಕಾಲೇಜುವಾರು, ಕೆಟಗರಿವಾರು. ಪಿಯು ಪರೀಕ್ಷೆ ಮುಗಿದ ಮೇಲೆ ಅಪ್ಪನ ಜೊತೆ ಕೂತು ಅದನ್ನು ನೋಡು. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳನ್ನು ಓದಿದ ಶಾಲೆಗಳಿಂದ ಈಗಲೇ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿ ಇಟ್ಟುಕೋ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೇಸಿಗೆ ರಜೆ, ಹೆಡ್‌ಮೇಷ್ಟ್ರು ಸಿಗುವುದು ಕಷ್ಟ.